ರ ಕೆಳಗಿನ ಸ

ಭಾನುವಾರ, 16 ಫೆಬ್ರವರಿ 2025

ಬೆಳಿಗ್ಗೆ ಏಳಕ್ಕೆ ಕೂತವನು ಊಟಕ್ಕೆ ಎದ್ದಾಗ ಮುಗಿದಿದ್ದದ್ದು ಒಂದೇ ಅಕ್ಷರ. ಅದೂ 'ವು'.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ದೊಡ್ಡಪ್ಪ ತಿಪಟೂರಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ಅವರ ಒಂದು ಲಾಂಗ್ ನೋಟ್‌ಬುಕ್ ದೀಪಾವಳಿಗೆ ಅಟ್ಟ ಗುಡಿಸುವಾಗ ಸಿಕ್ಕಿತು. ಪೆನ್ಸಿಲ್ ಗೆರೆ, ಅದರ ಮಧ್ಯೆ ಬ್ರಷ್ಷಿನಲ್ಲಿ ಬರೆದ ಅಕ್ಷರಗಳು, ಪುಟಕ್ಕೆ ನಾಲ್ಕು. ಇದನ್ನು ಫಾಂಟ್ ಮಾಡುತ್ತೇನೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ, ಈಗ ಅನುಭವಿಸುತ್ತಿದ್ದೇನೆ.

ಸ್ಕ್ಯಾನ್ ಮಾಡಿ, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ಗೆ ಕೊಟ್ಟರೆ ಅದು ತಾನೇ ಗೆರೆ ಹಿಡಿಯುತ್ತದೆ, ನಿಜ, ಆದರೆ ಒಂದು 'ಅ'ಗೆ ರಾಶಿ ಚುಕ್ಕಿ ಸುರಿದು, ಕಾಗದದ ಮೇಲಿನ ಎಣ್ಣೆ ಕಲೆಯನ್ನೂ ಅಕ್ಷರಕ್ಕೆ ಸೇರಿಸಿಬಿಡುತ್ತದೆ. ಅದಕ್ಕೇ ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಒಂದೊಂದನ್ನೂ ನಾನೇ ಎಳೆಯುತ್ತಿದ್ದೇನೆ. ತಲೆಕಟ್ಟು ಒಂದು ಸರಿಯಾದರೆ ಕ, ಗ, ತ, ಪ ಎಲ್ಲಕ್ಕೂ ಅದನ್ನೇ ಇಡಬಹುದು. ಖ, ಜ, ಟ, ಣ, ಬ, ಲಗಳಿಗೆ ತಲೆಕಟ್ಟೇ ಇಲ್ಲ. ಆದರೆ ಗುಡಿಸು ಬಂದರೆ ತಲೆಕಟ್ಟು ಮಾಯವಾಗಿ ಅಕ್ಷರದ ಮೈಗೇ ಅದು ಬೆಸೆದುಕೊಳ್ಳುತ್ತದೆ, 34 ವ್ಯಂಜನಕ್ಕೂ ಬೇರೆ ಬೇರೆ ಕೂತು ಬರೆಯಬೇಕು.

ಇನ್ನು 'ವು'. ಪ, ಫ, ವಗಳಿಗೆ ಕೊಂಬು ಕೆಳಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಅಕ್ಷರಗಳ ಹಾಗೆ ಪಕ್ಕದಲ್ಲಿ ಇಟ್ಟರೆ 'ವ' ಹೋಗಿ 'ಮ' ಆಗುತ್ತದೆ. ನಾನು ಹಾಗೇ ಇಟ್ಟಿದ್ದೆ. 'ಹೂವು' ಅಂತ ಟೈಪ್ ಮಾಡಿದರೆ 'ಹೂಮ' ಕಾಣಿಸಿತು. ಒಂದನೇ ಕ್ಲಾಸಿನಿಂದ ಬರೆಯುತ್ತಿದ್ದೇನೆ, ಇವತ್ತಿನವರೆಗೂ ಇದನ್ನು ಗಮನಿಸಿಯೇ ಇರಲಿಲ್ಲ!

ನೋಟ್‌ಬುಕ್ಕಿನಲ್ಲಿ ಙ, ಞ ಇಲ್ಲ. ಅವನ್ನು ಬರೆಸುವ ಅಂಗಡಿ ಯಾವುದಿದೆ, ಅಲ್ವಾ? ಆದರೆ ಸ್ಕೂಲ್ ಬೋರ್ಡಿಗೆ ಅಂತ 'ಜ್ಞಾನ' ಬರೆದಿದ್ದಾರೆ, ಹಾಗಾಗಿ ಞ ಇಲ್ಲದಿದ್ದರೂ ಅದರ ಒತ್ತು ಇದೆ. ಒತ್ತು ನೋಡಿಕೊಂಡು ಅಕ್ಷರ ಊಹಿಸುವ ಕೆಲಸ ನಂದು.

ಒತ್ತಿನ ವಿಷಯವೇ ದೊಡ್ಡದು. ಕಂಪ್ಯೂಟರಿಗೆ ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆ, ಅದರಲ್ಲೂ ಕೆಲವು ಖಾಲಿ. ಒತ್ತುಗಳಿಗೆ ಅಲ್ಲಿ ಬೇರೆ ಮನೆ ಇಲ್ಲ. ಕ, ಹಲಂತ (ಸ್ವರ ತೆಗೆಯುವ ಗುರುತು), ಷ ಒಟ್ಟಿಗೆ ಬಂದರೆ 'ಕ್ಷ' ತೋರಿಸು ಅಂತ ಫಾಂಟಿಗೆ ನಾವೇ ಹೇಳಿಕೊಡಬೇಕು. 'ಲಕ್ಷ್ಮೀ'ಯಲ್ಲಿ ಎರಡು ಒತ್ತು. ದೊಡ್ಡಪ್ಪ ಅವೆರಡನ್ನೂ ಸಣ್ಣದು ಮಾಡಿ ಕೆಳಗೆ ಆರಾಮಾಗಿ ಕೂರಿಸಿದ್ದಾರೆ, ಬೋರ್ಡಿನಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಇರಲಿಲ್ಲವಲ್ಲ. ಮೊಬೈಲಿನಲ್ಲಿ ಮುಂದಿನ ಸಾಲಿನ ದೀರ್ಘಕ್ಕೆ ಹೋಗಿ ಗುದ್ದುತ್ತದೆ.

ಕೊನೆಯ ಪುಟದಲ್ಲಿ 'ಪ್ರಾವಿಜನ್ ಸ್ಟೋರ‍್ಸ್' ಅಂತಿದೆ. ಅರ್ಕಾವೊತ್ತು ಹಾಕಿಲ್ಲ, ರ ಕೆಳಗೆ ಸ ಒತ್ತು ಕೊಟ್ಟಿದ್ದಾರೆ. ಕಂಪ್ಯೂಟರ್ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ರ್ ಆದ ಮೇಲೆ ವ್ಯಂಜನ ಬಂದರೆ ಅದು ಅರ್ಕಾವೊತ್ತನ್ನೇ ಹಾಕುತ್ತದೆ. ಬೇಡ ಅಂದರೆ ರ ಆದಮೇಲೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಜೋಡಕವನ್ನು ತೂರಿಸಬೇಕು. 'ರ‍್ಯಾಂಕ್' ಬರೆಯಲು ಹೋಗಿ ಬೈದುಕೊಂಡವರಿಗೆಲ್ಲ ಇದು ಗೊತ್ತು. ಯಾವುದೋ ಹಳೇ ಪದ್ಧತಿ ಇರಬೇಕು ಅಂತ ದೊಡ್ಡಪ್ಪನಿಗೇ ಫೋನ್ ಮಾಡಿ ಕೇಳಿದೆ.

"ಪದ್ಧತಿ ಏನೂ ಇಲ್ಲ ಕಣಪ್ಪ. ಅರ್ಕಾವೊತ್ತು ಪಕ್ಕಕ್ಕೆ ಜಾಗ ತಿನ್ನುತ್ತೆ. ಅಂಗಡಿ ಬಾಗಿಲು ಆರಡಿ, ಬೋರ್ಡೂ ಆರಡಿ. ಕೆಳಗಡೆ ಇಳಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಮತ್ತೆ ನಿಮ್ಮ ಬುಕ್ಕಿನಲ್ಲಿ ಸ ಎರಡು ಥರ ಇದೆಯಲ್ಲ ದೊಡ್ಡಪ್ಪ, ಯಾವುದು ಸರಿ?"

"ಎರಡೂ ಸರಿನೇ. ಮುಂದಿನ ಅಕ್ಷರ ನೋಡ್ಕೊಂಡು ಬರೆಯೋದು."

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮೂರು ತಿಂಗಳಿಂದ ನಾನು ಹುಡುಕುತ್ತಿರುವುದು 'ಸರಿಯಾದ ಸ'. ಅವರ ಹತ್ತಿರ ಅಂಥದ್ದು ಇರಲೇ ಇಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ಕಲ್ಲಿನಿಂದ ಅಚ್ಚೊತ್ತಿ, ಬಂದಾಗಲೂ ಬರೆಯುವವನಿಗೆ ಈ ಅನುಕೂಲ ಇದ್ದಿರಬೇಕು, ಸಾಲು ಮುಗಿಯುತ್ತಾ ಬಂದರೆ ಅಕ್ಷರ ಒತ್ತೊತ್ತಾಗಿ ಬರೆಯಬಹುದು. ಅಚ್ಚಿನ ಮೊಳೆ ಜೋಡಿಸುವವನಿಗೆ ಅದಿಲ್ಲ, ನನಗೂ ಇಲ್ಲ.

ಸದ್ಯಕ್ಕೆ ಎರಡೂ ಸ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಅಗಲದ ಅಕ್ಷರ ಬಂದರೆ ಸಣ್ಣ ಸ ಬರಲಿ ಅಂತ ನಿಯಮ ಬರೆದೆ. ಅರ್ಕಾವೊತ್ತು ಮಾಮೂಲಿ ಹಾಗೇ ಇರಲಿ, ಜೋಡಕ ಹಾಕಿದವರಿಗೆ ದೊಡ್ಡಪ್ಪನ ರ ಸಿಗಲಿ. ಸಾಲಿನ ಅಂತರವನ್ನೂ ಜಾಸ್ತಿ ಮಾಡಿದೆ, ನೋಡಲು ಸ್ವಲ್ಪ ಬಿಡಿಬಿಡಿ ಅನ್ನಿಸಿದರೂ ಪರವಾಗಿಲ್ಲ.

ಸಂಜೆ 'ಪ್ರಾವಿಜನ್ ಸ್ಟೋರ‍್ಸ್' ಅಂತ ಟೈಪ್ ಮಾಡಿ, ಚಿತ್ರ ತೆಗೆದು ದೊಡ್ಡಪ್ಪನ ವಾಟ್ಸಾಪ್‌ಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ವಾಯ್ಸ್ ಮೆಸೇಜ್ ಬಂತು.

"ಚೆನ್ನಾಗಿದೆ ಕಣಪ್ಪ. ಬೋರ್ಡ್ ಎಷ್ಟಡಿ?"