ರೆಸಿಡೆಂಟ್ ಇವಿಲ್ 4, ಹಾರ್ಡ್‌ಕೋರ್ ಮಟ್ಟ: ಹಳ್ಳಿಯಿಂದ ದ್ವೀಪದವರೆಗೆ

ಸ್ಟ್ಯಾಂಡರ್ಡ್ ಮಟ್ಟದಲ್ಲಿ ಈ ಹೆದರಿಕೆಯ ವಿಡಿಯೋ ಆಟವನ್ನು ಮೊದಲೇ ಮುಗಿಸಿದ್ದೆ. ಈಗ ಅದಕ್ಕಿಂತ ಕಠಿಣವಾದ ಹಾರ್ಡ್‌ಕೋರ್ ಹಿಡಿದಿದ್ದೇನೆ. ಹಳೆಯ ಬಂದೂಕು, ಹಣ ಯಾವುದನ್ನೂ ಜೊತೆಗೆ ತಾರದೆ ಮೊದಲಿನಿಂದ ಶುರು. ನಾನು ಆಡುತ್ತಿರುವುದು ಕ್ಯಾಪ್ಕಾಮ್ ಸಂಸ್ಥೆ 2023ರ ಮಾರ್ಚ್‌ನಲ್ಲಿ ಹೊರತಂದ ಮರುನಿರ್ಮಾಣ. ಶಿಂಜಿ ಮಿಕಾಮಿ ನಿರ್ದೇಶಿಸಿದ ಮೂಲ ಆಟ 2005ರ ಜನವರಿಯಲ್ಲಿ ನಿಂಟೆಂಡೊ ಸಂಸ್ಥೆಯ ಆಟದ ಯಂತ್ರ ಗೇಮ್‌ಕ್ಯೂಬ್‌ಗೆ ಬಂದಿತ್ತು. ಸರಣಿಯ ಮೊದಲ ಆಟಗಳಲ್ಲಿ ಕ್ಯಾಮೆರಾ ಕೋಣೆಯ ಯಾವುದೋ ಮೂಲೆಯಿಂದ ನೋಡುತ್ತಿತ್ತು. ಮಿಕಾಮಿ ಅದನ್ನು ನಾಯಕ ಲಿಯಾನ್‌ನ ಭುಜದ ಹಿಂದಕ್ಕೆ ತಂದು ನಿಲ್ಲಿಸಿದರು. ಅಲ್ಲಿಂದ ಹೊಡೆದಾಟ ಹೆಚ್ಚಾಯಿತು, ಹೆದರಿಕೆ ಹೋಯಿತು ಎಂಬ ದೂರು ಇಂದಿಗೂ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಗುರಿಯಿಡಲು ಎದುರಿಗಿರುವವನನ್ನೇ ದಿಟ್ಟಿಸಬೇಕು, ಅಷ್ಟು ಹೊತ್ತೂ ಬೆನ್ನ ಹಿಂದೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಬಂದೂಕು ಎತ್ತಿದಾಗಲೇ ಹೆದರಿಕೆ ಶುರುವಾಗುತ್ತದೆ. ಈ ಟಿಪ್ಪಣಿಗಳನ್ನು ಬರೆಯುತ್ತಿರುವುದೂ ಅದನ್ನು ಹತ್ತಿರದಿಂದ ಗಮನಿಸುವುದಕ್ಕೇ.

ಹಳ್ಳಿ

2004ರ ಸ್ಪೇನ್. ಅಮೆರಿಕದ ಅಧ್ಯಕ್ಷರ ಮಗಳು ಆಶ್ಲಿಯನ್ನು ಹುಡುಕಿಕೊಂಡು ಲಿಯಾನ್ ಒಂದು ಕುಗ್ರಾಮಕ್ಕೆ ಬರುತ್ತಾನೆ. ಊರಿನವರ ಮೈಯೊಳಗೆ ಪ್ಲಾಗಾ ಎಂಬ ಪರೋಪಜೀವಿ ಹೊಕ್ಕಿದೆ. ಅವರು ಸರಣಿಯ ಮೊದಲ ಆಟಗಳ ನಡೆದಾಡುವ ಹೆಣಗಳಂತೆ ತೂರಾಡುವುದಿಲ್ಲ. ಮಾತನಾಡಿಕೊಳ್ಳುತ್ತಾರೆ, ಕೊಡಲಿ ಎಸೆಯುತ್ತಾರೆ, ಏಣಿ ಇಟ್ಟು ಮಹಡಿಗೆ ಹತ್ತುತ್ತಾರೆ.

ಊರ ನಡುವಿನ ಚೌಕದಲ್ಲಿ ಮೊದಲ ದೊಡ್ಡ ಕಾಳಗ. ಸ್ಟ್ಯಾಂಡರ್ಡ್ ಮಟ್ಟದಲ್ಲಿ ಮನೆಯೊಳಗೆ ಸೇರಿಕೊಂಡು ಬಾಗಿಲ ಕಡೆಗೆ ಗುಂಡು ಹಾರಿಸುತ್ತಾ ಹೊತ್ತು ಕಳೆಯಬಹುದು. ಹಾರ್ಡ್‌ಕೋರ್‌ನಲ್ಲಿ ಅದೇ ಮನೆ ಬೋನಾಗುತ್ತದೆ. ಕೆಳಗೆ ಬಾಗಿಲು ಮುರಿಯುವ ಸದ್ದು, ಮೇಲೆ ಕಿಟಕಿಗೆ ಏಣಿ ತಾಗಿದ ಸದ್ದು, ಇವೆರಡರ ನಡುವೆ ಯಂತ್ರದ ಗರಗಸ ಹಿಡಿದು ಬರುವವನ ಎಂಜಿನ್ನು. ಆದ್ದರಿಂದ ಗೋಡೆಯ ಮೇಲಿನ ಶಾಟ್‌ಗನ್ ಕೈಗೆ ಬಂದೊಡನೆ ಹೊರಗೆ ಧುಮುಕಿ ಚೌಕವನ್ನು ಸುತ್ತು ಹಾಕತೊಡಗಿದೆ. ಓಡಿದರೆ ಗುಂಪು ಒಂದೇ ಕಡೆಯಿಂದ ಬೆನ್ನಟ್ಟುತ್ತದೆ. ತಿರುಗಿ ನಿಂತು ಮುಂದಿನವನ ಮೊಣಕಾಲಿಗೆ ಒಂದು ಗುಂಡು ಹೊಡೆದರೆ ಅವನು ಮುಗ್ಗರಿಸುತ್ತಾನೆ. ಆ ಕ್ಷಣಕ್ಕೆ ಹತ್ತಿರ ಹೋಗಿ ಒದ್ದರೆ ಅಕ್ಕಪಕ್ಕದವರೂ ಉರುಳುತ್ತಾರೆ. ಒಂದೇ ಗುಂಡಿಗೆ ಹಲವರು ಬಿದ್ದರು ನಿಜ, ಆದರೆ ಒದೆಯಲು ಗುಂಪಿನ ಬಾಯಿಗೇ ಹೋಗಬೇಕಲ್ಲ! ಇಡೀ ಆಟ ನಿಂತಿರುವುದು ಈ ವ್ಯಾಪಾರದ ಮೇಲೆ: ಗುಂಡು ಉಳಿಸಬೇಕಾದರೆ ಹತ್ತಿರ ಹೋಗು, ದೂರ ನಿಲ್ಲಬೇಕಾದರೆ ಗುಂಡು ಕಳೆದುಕೊ.

ಕೊನೆಗೆ ಚರ್ಚಿನ ಗಂಟೆ ಬಾರಿಸುತ್ತದೆ. ಎಲ್ಲರೂ ಕೈಯಲ್ಲಿದ್ದುದನ್ನು ಕೆಳಗೆ ಬಿಟ್ಟು, ನನ್ನನ್ನು ಮರೆತೇ ಹೋದವರಂತೆ ನಡೆದುಬಿಡುತ್ತಾರೆ. ಇಪ್ಪತ್ತು ವರ್ಷಗಳಾದರೂ ಈ ದೃಶ್ಯದ ಕಸುವು ಕುಂದಿಲ್ಲ.

ಚಾಕು

ಮೂಲ ಆಟದಲ್ಲಿ ಚಾಕು ಸವೆಯುತ್ತಿರಲಿಲ್ಲ. ಮರುನಿರ್ಮಾಣದಲ್ಲಿ ಸವೆಯುತ್ತದೆ, ಮತ್ತು ನನ್ನ ಮಟ್ಟಿಗೆ ಇದೇ ಹೊಸ ಆಟದ ಅತ್ಯುತ್ತಮ ಯೋಚನೆ. ಬೀಸಿಬಂದ ಕೊಡಲಿಯನ್ನು ಸರಿಯಾದ ಕ್ಷಣಕ್ಕೆ ಚಾಕುವಿನಿಂದ ತಡೆಯಬಹುದು. ಗರಗಸವನ್ನೂ ತಡೆಯಬಹುದು, ಅದಕ್ಕೆ ಚಾಕುವಿನ ಆಯುಷ್ಯದ ದೊಡ್ಡ ಪಾಲನ್ನೇ ತೆರಬೇಕು. ನೆಲಕ್ಕೆ ಬಿದ್ದವನು ವಿಲವಿಲ ಒದ್ದಾಡತೊಡಗಿದರೆ ಒಳಗಿನ ಪ್ಲಾಗಾ ಹೊರಬರಲಿದೆ ಎಂದರ್ಥ. ಅಷ್ಟರೊಳಗೆ ಇರಿದರೆ ಆ ಕಥೆ ಅಲ್ಲಿಗೇ ಮುಗಿಯಿತು. ಅದಕ್ಕೂ ಚಾಕುವೇ ಬೇಕು. ಯಾರಾದರೂ ಹಿಂದಿನಿಂದ ಕುತ್ತಿಗೆ ಹಿಡಿದರೆ ಬಿಡಿಸಿಕೊಳ್ಳಲಿಕ್ಕೂ ಅದೇ. ಪರದೆಯ ಮೂಲೆಯಲ್ಲಿ ಕರಗುತ್ತಾ ಹೋಗುವ ಆ ಪಟ್ಟಿಯನ್ನು ನಾನು ಆರೋಗ್ಯದ ಪಟ್ಟಿಗಿಂತ ಹೆಚ್ಚಾಗಿ ನೋಡುತ್ತೇನೆ. ಚಾಕು ಪೂರ್ತಿ ಸವೆದರೆ, ದಾರಿಯಲ್ಲಿ ಅಲ್ಲಲ್ಲಿ ಸಿಕ್ಕಿ ಕೊಡು-ಕೊಳ್ಳುವ, ಚಾಕು ಸರಿಮಾಡುವ ವ್ಯಾಪಾರಿ ಸಿಗುವವರೆಗೆ ಅದು ಕೆಲಸಕ್ಕೆ ಬಾರದು. ದಾರಿಯಲ್ಲಿ ಸಿಗುವ ಅಡುಗೆಮನೆ ಚಾಕುಗಳು ಬೇಗ ಮುರಿಯುತ್ತವೆ, ಆದರೂ ಒಂದೆರಡನ್ನು ಲಿಯಾನ್‌ನ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ ಈಗ ಹೊರಡುವುದೇ ಇಲ್ಲ.

ವ್ಯಾಪಾರಿ ಕೇಳುವುದು ಪೆಸೆಟಾ. ಸ್ಪೇನ್ 2002ರಲ್ಲೇ ಯೂರೋಗೆ ಬದಲಾಗಿತ್ತು. 2004ರ ಕಥೆಯಲ್ಲಿ ಈ ಹಳ್ಳಿ ಮಾತ್ರ ಹಳೆಯ ನಾಣ್ಯದಲ್ಲೇ ನಿಂತಿದೆ. ಕಿರೀಟದಂತಹ ಒಡವೆಗಳನ್ನು ಸಿಕ್ಕೊಡನೆ ಮಾರದೆ ತಡೆಹಿಡಿದು ಬೇರೆ ಬೇರೆ ಬಣ್ಣದ ಹರಳು ಕೂರಿಸಿದರೆ ಬೆಲೆ ಏರುತ್ತದೆ. ಐದು ಹರಳೂ ಐದು ಬಣ್ಣದವಾದರೆ ಇಮ್ಮಡಿ. ಒಂದೇ ಒಡವೆಯನ್ನು 1,00,000 ಪೆಸೆಟಾಗೆ ಮಾರಿದವರಿಗೆ ಟ್ರೋಫಿಯೂ ಉಂಟು. ಆ ಹಣವನ್ನು ನಾನು ರೈಫಲ್‌ಗೆ ಸುರಿದಿದ್ದೇನೆ. ಕಾರಣ ಮುಂದೆ ಬರುತ್ತದೆ.

ಕೋಟೆ

ಇಷ್ಟರಲ್ಲಿ ಆಶ್ಲಿ ಸಿಕ್ಕಿದ್ದಾಳೆ, ಇಲ್ಲಿ ಜೊತೆಗಿರುತ್ತಾಳೆ. 2005ರಲ್ಲಿ ಅವಳಿಗೂ ಆರೋಗ್ಯದ ಪಟ್ಟಿ ಇತ್ತು, ಗಿಡಮೂಲಿಕೆಯನ್ನು ಹಂಚಿಕೊಳ್ಳಬೇಕಿತ್ತು. ಈಗ ಆ ಪಟ್ಟಿ ಇಲ್ಲ. ಹತ್ತಿರ ಇರು, ದೂರ ಸರಿ ಎಂದು ಎರಡೇ ಸೂಚನೆ. ಹತ್ತಿರ ಇಟ್ಟುಕೊಂಡರೆ ನನಗೆ ಬಿದ್ದ ಏಟು ಅವಳಿಗೂ ತಾಗೀತು, ದೂರ ಬಿಟ್ಟರೆ ಯಾರಾದರೂ ಹೆಗಲಿಗೇರಿಸಿಕೊಂಡು ಓಡುತ್ತಾರೆ. ಆಗ ಹೊತ್ತವನ ಕಾಲಿಗೇ ಗುರಿಯಿಡುತ್ತೇನೆ. ತಲೆಗೆ ಇಟ್ಟರೆ ಗುಂಡು ಆಶ್ಲಿಗೆ ತಗಲುವ ಅಪಾಯವಿದೆ. ನೀರಿನ ಹಜಾರದಲ್ಲಿ ಬಿಲ್ಲುಗಾರರು ಮೇಲಿನಿಂದಲೂ ಗುರಾಣಿಯವರು ಎದುರಿನಿಂದಲೂ ಬರುವಾಗ ಇದನ್ನೆಲ್ಲ ಒಟ್ಟಿಗೆ ನಿಭಾಯಿಸಬೇಕು. ನನ್ನ ಶಾಟ್‌ಗನ್ ಗುಂಡುಗಳೆಲ್ಲ ಖಾಲಿಯಾದದ್ದು ಅಲ್ಲಿಯೇ.

ಕೋಟೆಯಲ್ಲಿ ಮನಸ್ಸಿಗೆ ನಾಟಿದ್ದು ಎರಡು ಜಾಗ. ಮೊದಲನೆಯದು ನೆಲಮಾಳಿಗೆಯ ಗರಾಡೊರ್: ಕಣ್ಣಿಲ್ಲ, ಕೈಗೆ ಉದ್ದನೆಯ ಉಗುರುಗಳು, ಮರ್ಮವಿರುವುದು ಬೆನ್ನಿನಲ್ಲಿ. ಅವನ ಬೆನ್ನು ಸಿಗಬೇಕಾದರೆ ನಾನು ಸದ್ದಿಲ್ಲದೆ ನಡೆಯಬೇಕು, ತೂಗುಹಾಕಿದ ಗಂಟೆಗೆ ಗುಂಡು ಹೊಡೆದು ಅವನನ್ನು ಅತ್ತ ಎಳೆಯಬೇಕು. ಇನ್ನೊಂದು, ನಾವು ಆಶ್ಲಿಯಾಗಿಯೇ ಆಡುವ ಗ್ರಂಥಾಲಯದ ಭಾಗ. ಬಂದೂಕಿಲ್ಲ. ನೀಲಿ ಬೆಳಕಿನ ಲಾಂದ್ರ ಮಾತ್ರ. ಅದನ್ನು ಎತ್ತಿ ಹಿಡಿದರೆ ನಡೆದುಬರುವ ಉಕ್ಕಿನ ಕವಚಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ. ಅಲ್ಲೂ ಅದೇ ನಿಯಮ: ಬೆಳಕು ಬಿದ್ದ ಕಡೆಯ ಕವಚ ನಿಂತಿತು, ಬೆನ್ನ ಕಡೆಯದು ನಡೆಯುತ್ತಲೇ ಇದೆ.

ದ್ವೀಪ

ಈಗ ಇಲ್ಲಿದ್ದೇನೆ. ಪ್ರಯೋಗಾಲಯದ ಓಣಿಗಳಲ್ಲಿ ರಿಜೆನರಾಡೊರ್. ಬೂದುಬಣ್ಣದ ತೊಗಲು, ಬಿಟ್ಟ ಬಾಯಿ, ನಿಧಾನದ ನಡಿಗೆ. ಕಾಲು ಹಾರಿಸಿದರೆ ಮತ್ತೆ ಮೂಡುತ್ತದೆ. ಕಾಣುವುದಕ್ಕೆ ಮೊದಲು ಅದರ ಉಸಿರು ಕೇಳುತ್ತದೆ, ಗಂಟಲಲ್ಲಿ ನೀರು ಸಿಕ್ಕಿಕೊಂಡಂತಹ ಎಳೆದೆಳೆದು ಬಿಡುವ ಉಸಿರು. ಪಕ್ಕದಲ್ಲಿ ಕುಳಿತಿದ್ದ ತಂಗಿ ನನಗಿಂತ ಮೊದಲೇ ಅದನ್ನು ಗುರುತಿಸಿದಳು. "ಅಣ್ಣಾ, ಇದು ಮುಂದಿನಿಂದ ಬರುತ್ತಿಲ್ಲ, ಹಿಂದೆ ನೋಡು" ಎಂದಳು. ಹೌದು, ದಾಟಿಬಂದ ಬಾಗಿಲಿನಲ್ಲೇ ನಿಂತಿತ್ತು.

ಶೀತಲ ಕೋಣೆಯಲ್ಲಿ ಸಿಗುವ ಬಯೋಸೆನ್ಸರ್ ದುರ್ಬೀನನ್ನು ರೈಫಲ್‌ಗೆ ಜೋಡಿಸಿದರೆ ಅದರ ಮೈಯೊಳಗಿನ ಪರೋಪಜೀವಿಗಳು ಕಾಣುತ್ತವೆ. ಒಂದೊಂದಕ್ಕೂ ಗುಂಡು ತಾಗಬೇಕು. ಒಂದು ಉಳಿದರೂ ಅದು ಬರುತ್ತಲೇ ಇರುತ್ತದೆ. ಆ ದುರ್ಬೀನಿಗೆ ಕಣ್ಣಿಟ್ಟರೆ ಕಾಣುವ ಜಗತ್ತು ಇನ್ನಷ್ಟು ಕಿರಿದಾಗುತ್ತದೆ, ಅಕ್ಕಪಕ್ಕವೂ ಮರೆಯಾಗುತ್ತದೆ. ನಾನು ಕಂಡುಕೊಂಡ ಕ್ರಮ ಹೀಗಿದೆ: ಓಣಿಯ ತುದಿಯವರೆಗೆ ಹಿಂದೆ ಸರಿದು, ಮೊದಲು ಸುತ್ತಲಿನ ಬಾಗಿಲುಗಳನ್ನು ನೋಡಿ, ಒಂದು ಗುಂಡು ಹೊಡೆದು, ಕಣ್ಣು ತೆಗೆದು ಮತ್ತೆ ಸುತ್ತ ನೋಡುವುದು. ನಿಧಾನ ಹೌದು, ಆದರೆ ಗುಂಡು ವ್ಯರ್ಥವಾಗುವುದಿಲ್ಲ.

ಪೆಟ್ಟಿಗೆಯ ಸ್ಥಿತಿ: ಪಿಸ್ತೂಲಿನ ಗುಂಡು ಸಾಕಷ್ಟಿದೆ, ರೈಫಲ್ ಗುಂಡು ಬೆರಳೆಣಿಕೆಯಷ್ಟು. ಬೋಲ್ಟ್ ಎಸೆಯುವ ಬಿಲ್ಲನ್ನು ಇಟ್ಟುಕೊಂಡೇ ಬಂದಿದ್ದೇನೆ, ಏಕೆಂದರೆ ಬೋಲ್ಟುಗಳನ್ನು ಮತ್ತೆ ಆರಿಸಿಕೊಳ್ಳಬಹುದು. ಹಸಿರು ಮೂಲಿಕೆ ಎರಡು, ಕೆಂಪು ಒಂದು. ಮುಂದಿರುವುದು ಚಾಕು ಹಿಡಿದು ಬರುವ ಎದುರಾಳಿ ಕ್ರೌಸರ್ ಜೊತೆಗಿನ ಕಾಳಗ. 2005ರಲ್ಲಿ ಅವನೊಂದಿಗಿನ ಚಾಕು ಜಗಳವೆಂದರೆ ಪರದೆಯ ಮೇಲೆ ತೋರಿಸಿದ ಗುಂಡಿ ಒತ್ತುವುದಷ್ಟೇ ಆಗಿತ್ತು. ಈಗ ಪ್ರತಿಯೊಂದು ಏಟನ್ನೂ ನಾವೇ ತಡೆಯಬೇಕು. ವ್ಯಾಪಾರಿ ಸಿಕ್ಕೊಡನೆ ಮೊದಲು ಚಾಕು ಸರಿಮಾಡಿಸಿ, ಹಣ ಉಳಿದರೆ ರೈಫಲ್ ಕಡೆ ನೋಡುತ್ತೇನೆ. ಇದು ಮುಗಿದರೆ ಇನ್ನೂ ಕಠಿಣವಾದ ಪ್ರೊಫೆಷನಲ್ ಮಟ್ಟ. ಅಲ್ಲಿ ಆಟ ತಾನಾಗಿ ಸೇವ್ ಆಗುವುದಿಲ್ಲ, ಚಾಕು ಎತ್ತಲು ಒಂದಿಷ್ಟು ತಡವಾದರೂ ಏಟು ತಡೆಯುವುದಿಲ್ಲ.