ಸೇದೋ ಬಾವಿಗೆ ನೀರು ಬಂತು, ಈಗ ಗುಂಡಿಗಳ ಸರದಿ

ಭಾನುವಾರ ಬೆಳಿಗ್ಗೆಯ ಅಳತೆ: ಬಾವಿಕಟ್ಟೆಯಿಂದ ನೀರಿಗೆ 16 ಅಡಿ. ಹೋದ ಮೇ ತಿಂಗಳಲ್ಲಿ ಇದೇ ಹಗ್ಗ 41 ಅಡಿ ಇಳಿದಿತ್ತು. ಬಾವಿಯ ಆಳವೇ 45 ಅಡಿ. ಖುಷಿಯ ಸುದ್ದಿಯೇ, ಆದರೆ ಅದರ ಜೊತೆಗೇ ಒಂದು ಹೊಸ ಕೆಲಸ ತಲೆ ಮೇಲೆ ಬಂದಿದೆ. ಅದನ್ನು ಹೇಳುವ ಮೊದಲು ಇಲ್ಲಿಯವರೆಗೆ ಏನಾಯ್ತು ಅಂತ ಬರೆದಿಡುತ್ತೇನೆ.

ನಮ್ಮದು ಪಾವಗಡ ತಾಲ್ಲೂಕಿನ ಸಣ್ಣ ಹಳ್ಳಿ. ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಪೈಪು ಬಂತು, ಆದರೆ ಪೈಪಿನ ಹಿಂದೆ ನೀರೂ ಇರಬೇಕು ಅಲ್ವಾ? ಬೋರ್ ಆಳಕ್ಕೆ ಹೋದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ಜಾಸ್ತಿ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ನಮ್ಮ ಸೀಮೆಯಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಳೆಯ ಸೇದೋ ಬಾವಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ದಿನವೇ ಅದನ್ನು ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಿದ್ದು.

ಜನವರಿಯಿಂದ ಏಪ್ರಿಲ್

ಬಾವಿ ಉಳಿಸಲು ನಾವು ಬಾವಿಗೆ ಕೈ ಹಾಕಲಿಲ್ಲ. ಗುಡ್ಡದ ನೆತ್ತಿಗೆ ಹೋದೆವು. ಇದಕ್ಕೆ ಕಾರಣವಿದೆ. ಕೆಲವು ವರ್ಷದ ಹಿಂದೆ ಗೋಕಟ್ಟೆಯ ಹೂಳು ತೆಗೆಸಿದ್ದರು. ಮೂರೇ ಮಳೆಗಾಲಕ್ಕೆ ಮತ್ತೆ ತುಂಬಿಕೊಂಡಿತು. ಮೇಲಿನ ಗುಡ್ಡ ಬೋಳಾಗಿದ್ದರೆ ಕೆಳಗೆ ಎಷ್ಟು ತೋಡಿದರೂ ಅಷ್ಟೇ. 2001ರಲ್ಲಿ ಮಣ್ಣು, ಮಳೆನೀರು ಉಳಿಸುವ ಸುಜಲ ಜಲಾನಯನ ಯೋಜನೆ ನಮ್ಮ ತುಮಕೂರು ಸೇರಿ ಐದು ಜಿಲ್ಲೆಗಳಲ್ಲಿ ಶುರುವಾದಾಗ ರೈತರಿಂದಲೂ ವಂತಿಗೆ ತೆಗೆದುಕೊಂಡು ಹೊಲದ ಬದು ಹಾಕಿಸಿದ್ದರು. ತಾವೂ ದುಡ್ಡು, ಬೆವರು ಹಾಕಿದ ಕೆಲಸವನ್ನು ಜನ ಕಾಯ್ದುಕೊಳ್ಳುತ್ತಾರೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ನಾವೂ ಮನೆಗೊಂದು ಆಳು ಅಂತ ಲೆಕ್ಕ ಹಾಕಿದೆವು.

ಮೂರು ಬಿದಿರಿನ ಗಳ, ಒಂದು ದಾರ, ಒಂದು ಕಲ್ಲು. ಇಷ್ಟರಲ್ಲಿ 'ಎ' ಆಕಾರದ ಚೌಕಟ್ಟು ಕಟ್ಟಿದೆವು. ದಾರ ನಡುಗಳದ ಗುರುತಿಗೆ ಸರಿಯಾಗಿ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಹಾಗೆ ಹೆಜ್ಜೆ ಹೆಜ್ಜೆಗೆ ಸುಣ್ಣದ ಗುರುತು ಹಾಕುತ್ತಾ ಗುಡ್ಡದ ಅಡ್ಡಕ್ಕೆ ಗೆರೆ ಎಳೆದೆವು. ಆ ಗೆರೆಯ ಮೇಲೆ 10 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳದ 120 ಇಂಗುಗುಂಡಿ. ಒಂದರಲ್ಲಿ ಸುಮಾರು 850 ಲೀಟರ್ ನಿಲ್ಲುತ್ತದೆ. ಒಟ್ಟು ಒಂದು ಲಕ್ಷ ಲೀಟರ್ ಅಂತ ಇಟ್ಟುಕೊಳ್ಳಿ.

ಕೇಳಲು ದೊಡ್ಡದಾಗಿದೆ. ಆದರೆ ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ನಮ್ಮ ಬಾವಿಯ ಕಡೆಗೆ ಇಳಿಯುವ ನೆಲ ಹತ್ತಿರ ಹತ್ತಿರ ನೂರು ಎಕರೆ. 20 ಮಿಲಿಮೀಟರ್ ಮಳೆಗೆ 80 ಲಕ್ಷ ಲೀಟರ್! ಗುಂಡಿಗಳು ಅಷ್ಟನ್ನೂ ಹಿಡಿಯುವುದಿಲ್ಲ. ಹರಿಯುವ ನೀರಿನ ವೇಗ ತಗ್ಗಿಸುವುದು, ಮಣ್ಣು ಕೊಚ್ಚಿ ಬರದಂತೆ ತಡೆಯುವುದು ಅವುಗಳ ಮುಖ್ಯ ಕೆಲಸ. ಉಳಿದದ್ದಕ್ಕೆ ಕೊರಕಲಿನಲ್ಲಿ ಒಂಬತ್ತು ಕಡೆ ಕಲ್ಲಿನ ತಡೆ ಕಟ್ಟಿದೆವು. ಕೊನೆಗೆ ಗೋಕಟ್ಟೆಯ ಹೂಳು. ಗೋಡನ್ನು ಹೊಲದವರೇ ತಮ್ಮ ಟ್ರಾಕ್ಟರ್‌ನಲ್ಲಿ ಹೊಡೆದುಕೊಂಡರು.

ಕಷ್ಟವಾಗಿದ್ದು ಅಗೆತವಲ್ಲ, ಕುರಿ. ಗುಡ್ಡಕ್ಕೆ ಕುರಿ ಬಿಡಬೇಡಿ ಅಂದರೆ ಕುರಿಯವರು ಎಲ್ಲಿಗೆ ಹೋಗಬೇಕು? ಮೂರು ಸಲ ಅರಳಿಕಟ್ಟೆ ಮೇಲೆ ಕೂತು ಮಾತಾಡಿದೆವು. ಅರ್ಧ ಗುಡ್ಡ ಎರಡು ವರ್ಷ ಬಿಡುವುದು, ಇನ್ನರ್ಧ ಮೇಯಿಸುವುದು, ಆಮೇಲೆ ಅದಲು ಬದಲು ಅಂತ ಒಪ್ಪಿಗೆಯಾಯ್ತು. ಈ ಒಪ್ಪಂದವನ್ನು ಕುರಿಯವರೇ ನಮಗಿಂತ ನಿಷ್ಠೆಯಿಂದ ನಡೆಸುತ್ತಿದ್ದಾರೆ.

ಹಸ್ತ, ಚಿತ್ತೆ

ಮುಂಗಾರು ಸುಮ್ನೆ ಬಂದು ಹೋಯಿತು. ಹಸ್ತದ ಮಳೆ ಸುರಿಯಿತು, ಚಿತ್ತೆಯೂ ಕೈಬಿಡಲಿಲ್ಲ. ಗೋಕಟ್ಟೆ ಕೋಡಿ ಬಿತ್ತು. ನೀರು ಮೊದಲಿನಂತೆ ಕೆಂಪಗಿರಲಿಲ್ಲ, ಅದನ್ನೇ ನೋಡುತ್ತಾ ನಿಂತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ಭಾನುವಾರ ಗಂಟು ಹಾಕಿದ ಹಗ್ಗ ಬಿಟ್ಟು ಅಳೆದು ಪುಸ್ತಕದಲ್ಲಿ ಬರೆಯುತ್ತಾಳೆ. 33, 27, 20, 16. ಮಳೆ ಚೆನ್ನಾಗಿ ಬಂದಿದ್ದೂ ಇದಕ್ಕೆ ಕಾರಣ. ಎಲ್ಲಾ ನಮ್ಮ ಗುಂಡಿಗಳಿಂದಲೇ ಅಂತ ಹೇಳಲಾರೆ. ಮಳೆ ಕಡಿಮೆಯಾದ ವರ್ಷದಲ್ಲಿ ಹಗ್ಗ ಎಷ್ಟು ಇಳಿಯುತ್ತದೆ ಅಂತ ನೋಡಬೇಕು.

ನವೆಂಬರ್: ಬಾಟಲಿ ಕಪ್ಪಾಯಿತು

ನೀರು ಪರೀಕ್ಷೆಗೆ ಪ್ರತಿ ಊರಲ್ಲಿ ಐದು ಹೆಂಗಸರಿಗೆ ತರಬೇತಿ ಕೊಡುವ ಏರ್ಪಾಡಿದೆ. ನಮ್ಮೂರಿನವರು ಬಾವಿ ನೀರನ್ನು ಪರೀಕ್ಷೆಯ ಮದ್ದು ಇರುವ ಸಣ್ಣ ಬಾಟಲಿಗೆ ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರು. ಎರಡನೇ ದಿನ ಕಪ್ಪಾಗಿತ್ತು. ಮಲದ ಅಂಶ ಸೇರಿದೆ ಅಂತ ಅದರ ಸೂಚನೆ.

ನನಗೆ ಎದೆ ಧಸಕ್ಕೆಂದಿತು. ಆಮೇಲೆ ಹಗ್ಗದ ಲೆಕ್ಕ ಇಟ್ಟುಕೊಂಡು ಕೂತಾಗ ವಿಷಯ ಹೊಳೆಯಿತು. ಬಾವಿಯ ಮೇಲ್ಗಡೆ ಮೂರು ಮನೆಗಳ ಶೌಚಾಲಯಕ್ಕೆ 12 ಅಡಿ ಆಳದ ಒಂದೊಂದೇ ಗುಂಡಿ. ನೀರು 41 ಅಡಿಯಲ್ಲಿ ಇದ್ದಾಗ ನಡುವೆ ಬೇಕಾದಷ್ಟು ಮಣ್ಣಿತ್ತು, ಸೋಸುತ್ತಿತ್ತು. ಈಗ ನೀರು 16ಕ್ಕೆ ಏರಿದೆ. ನಡುವೆ ಉಳಿದಿದ್ದು ನಾಲ್ಕೇ ಅಡಿ, ಅದೂ ಗರಸು ನೆಲ. ಗುಂಡಿಯ ತಳಕ್ಕೂ ಮಳೆಗಾಲದ ನೀರಿಗೂ ನಡುವೆ ಕಡಿಮೆ ಅಂದರೂ 2 ಮೀಟರ್, ಅಂದರೆ ಆರೂವರೆ ಅಡಿ ಇರಬೇಕು. ನೀರು ಇಂಗಿಸುವ ಕೆಲಸಕ್ಕೆ ಕೈ ಹಾಕಿದ ದಿನವೇ ಈ ಗುಂಡಿಗಳನ್ನೂ ಅಳೆಯಬೇಕಿತ್ತು. ಬೇರೆ ಊರಿನಲ್ಲಿ ಇಂಥ ಕೆಲಸ ಶುರು ಮಾಡುವವರು ದಯವಿಟ್ಟು ಮೊದಲೇ ಅಳೆಯಿರಿ.

ತಕ್ಷಣಕ್ಕೆ ಮಾಡಿದ್ದು ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. 12 ಅಡಿ ಅಗಲದ ಬಾವಿಯಲ್ಲಿ 29 ಅಡಿ ನೀರು ಅಂದರೆ 90 ಸಾವಿರ ಲೀಟರಿಗೂ ಮೇಲೆ, ಕಾಲು ಕೆಜಿ ಹತ್ತಿರ ಬೇಕಾಯಿತು. ಬಕೆಟ್‌ನಲ್ಲಿ ಕಲಸಿ, ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಒಂದು ಗಂಟೆ ಯಾರಿಗೂ ಸೇದಲು ಬಿಡಲಿಲ್ಲ. ಕುಡಿಯುವ ನೀರು ಈಗಲೂ ಕುದಿಸಿಯೇ.

ಈ ವಾರ

ಶಾಶ್ವತವಾದ ದಾರಿ ಅವಳಿ ಗುಂಡಿ. ನಾಲ್ಕೇ ಅಡಿ ಆಳದ ಎರಡು ಗುಂಡಿ, ನಡುವೆ ಒಂದು ಸಣ್ಣ ಚೇಂಬರ್. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ ಗುಂಡಿಯಲ್ಲಿ ಇರುವುದು ವರ್ಷ ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ.

ಮೊದಲ ಮನೆಯ ದೊಡ್ಡಮ್ಮ ಒಪ್ಪಲಿಲ್ಲ. "ನಾಲ್ಕಡಿ ಗುಂಡಿ ಮೂರು ತಿಂಗಳಿಗೆ ತುಂಬಲ್ವೇನಪ್ಪಾ? ಆಮೇಲೆ ಯಾರು ಎತ್ತೋರು?" ಅಂದರು. ಅವರ ಭಯ ನ್ಯಾಯವಾದದ್ದೇ. ಗೋಡೆಯ ಇಟ್ಟಿಗೆ ನಡುವೆ ಕಂಡಿ ಬಿಡುತ್ತೇವೆ ದೊಡ್ಡಮ್ಮ, ನೀರು ಮಣ್ಣಿಗೆ ಇಂಗುತ್ತೆ, ಗಾಳಿ ಹೊರಗೆ ಹೋಗುತ್ತೆ, ಉಳಿಯುವುದು ಸ್ವಲ್ಪವೇ, ತುಂಬಲು ವರ್ಷಗಳೇ ಬೇಕು ಅಂದೆ. ಬಚ್ಚಲ ನೀರು ಮಾತ್ರ ಅದಕ್ಕೆ ಬಿಡಬಾರದು. ಅದಕ್ಕೆ ಬೇರೆ ಕಾಲುವೆ ಮಾಡಿ ನುಗ್ಗೆ, ಬಾಳೆ ಬುಡಕ್ಕೆ ತಿರುಗಿಸಿದೆವು. ಬಾಳೆ ಗಿಡ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ನಿನ್ನೆ ತಾವೇ ಬಂದು ಬಾವಿಗೆ ಆದಷ್ಟು ದೂರದಲ್ಲಿ, ಹಿತ್ತಲ ಆ ತುದಿಗೆ, ಜಾಗ ತೋರಿಸಿದರು.

ಇವತ್ತು ಒಂದು ಗುಂಡಿಯ ಅಗೆತ ಮುಗಿದಿದೆ. ಇಟ್ಟಿಗೆ ಸೋಮವಾರ ಬರುತ್ತದೆ. ಮೂರೂ ಮನೆಯದು ಮುಗಿದು, ಹಳೆಯ ಗುಂಡಿ ಖಾಲಿ ಮಾಡಿಸಿ ಮಣ್ಣು ಮುಚ್ಚಿದ ಮೇಲೆ ಮತ್ತೆ ಬಾಟಲಿ ಪರೀಕ್ಷೆ. ಅದು ಕಪ್ಪಾಗದೆ ಇದ್ದರೂ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿ, ಆಮೇಲಷ್ಟೇ ಕುದಿಸುವುದನ್ನು ನಿಲ್ಲಿಸೋಣ ಅಂತ ಐದೂ ಹೆಂಗಸರು ಹೇಳಿದ್ದಾರೆ.