ಹುಳುವನ್ನು ಎತ್ತಿ ಬದಿಗಿಟ್ಟ ಸಂತ

ಅಕ್ಟೋಬರ್ 4 ಇಟಲಿಯ ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬ. ಅಂದು ಅನೇಕ ದೇಶಗಳ ಚರ್ಚುಗಳಿಗೆ ಜನರು ತಾವು ಸಾಕಿದ ನಾಯಿ, ಬೆಕ್ಕು, ಮೊಲ, ಗಿಳಿಗಳನ್ನು ಕರೆತರುತ್ತಾರೆ; ಧರ್ಮಗುರುಗಳು ಪ್ರಾರ್ಥನೆ ಸಲ್ಲಿಸಿ, ಪವಿತ್ರ ಜಲವನ್ನು ಚಿಮುಕಿಸಿ, ಅವುಗಳನ್ನು ಆಶೀರ್ವದಿಸುತ್ತಾರೆ. ಮಕ್ಕಳ ಸಂತೋಷಕ್ಕಾಗಿ ನಡೆಯುವ ಆಚರಣೆ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಫ್ರಾನ್ಸಿಸರ ಬದುಕನ್ನು ಓದಿದ ಮೇಲೆ ನನಗೆ ಹಾಗೆ ಕಾಣುವುದು ಸಾಧ್ಯವಾಗಿಲ್ಲ.

ಗುಬ್ಬಿಯೋ ಪಟ್ಟಣದ ಜನರನ್ನು ಕಾಡುತ್ತಿದ್ದ ತೋಳವನ್ನು ಅವರು ಮಾತಿನಿಂದಲೇ ಶಾಂತಗೊಳಿಸಿದ ಕಥೆ ಎಲ್ಲರಿಗೂ ಪರಿಚಿತ. ಅದು ಸುಂದರವಾದ ಕಥೆಯೇ ಹೌದು. ಆದರೆ ನನ್ನ ಮನಸ್ಸು ನಿಲ್ಲುವುದು, ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಚೆಲಾನೋದ ಥಾಮಸ್ ಎಂಬ ಸನ್ಯಾಸಿ ಬರೆದ ಜೀವನಚರಿತ್ರೆಯ ಸಣ್ಣ ಸಂಗತಿಗಳಲ್ಲಿ. ದಾರಿಯಲ್ಲಿ ಹರಿಯುವ ಹುಳುಗಳು ನಡೆಯುವವರ ಕಾಲಡಿ ಸಿಕ್ಕಿ ಸಾಯಬಾರದೆಂದು ಫ್ರಾನ್ಸಿಸರು ಅವನ್ನು ಎತ್ತಿ ಬದಿಗೆ ಬಿಡುತ್ತಿದ್ದರಂತೆ; ತಾನು ಮನುಷ್ಯನಲ್ಲ, ಹುಳು ಎಂಬ ಬೈಬಲಿನ ಕೀರ್ತನೆಯ ಮಾತನ್ನು ಅವರು ಕ್ರಿಸ್ತನ ಮಾತಾಗಿಯೇ ಓದಿಕೊಂಡಿದ್ದರು. ಚಳಿಗಾಲದಲ್ಲಿ ಜೇನುನೊಣಗಳು ಹಸಿವಿನಿಂದ ಸಾಯದಿರಲೆಂದು ಅವುಗಳ ಮುಂದೆ ಜೇನನ್ನೋ ಒಳ್ಳೆಯ ದ್ರಾಕ್ಷಾರಸವನ್ನೋ ಇರಿಸುವಂತೆ ಹೇಳುತ್ತಿದ್ದರು. ಉಣ್ಣಲು ತಾವೇ ಭಿಕ್ಷೆ ಬೇಡುತ್ತಿದ್ದ, ಶ್ರೀಮಂತ ಬಟ್ಟೆ ವ್ಯಾಪಾರಿಯ ಮನೆಯನ್ನು ತೊರೆದು ಬಂದ ಮನುಷ್ಯ ನೊಣದ ಹಸಿವನ್ನು ನೆನೆದರು ಎಂಬುದು ಪ್ರತಿ ಸಲ ಓದಿದಾಗಲೂ ನನ್ನನ್ನು ತಟ್ಟುತ್ತದೆ. ಬೋನಿಗೆ ಬಿದ್ದಿದ್ದ ಮೊಲವನ್ನು ಬಿಡುಗಡೆ ಮಾಡಿದಾಗಲೂ ಅದನ್ನು ಅವರು ಕರೆದದ್ದು ಸಹೋದರ ಎಂದೇ.

1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೋದಲ್ಲಿ ಅವರು ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ, ಗೋದಲಿಯ ಬಳಿ ಜೀವಂತ ಎತ್ತು ಮತ್ತು ಕತ್ತೆ ನಿಂತಿದ್ದವು. ಆ ಹಬ್ಬದಂದು ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಸಿಗಬೇಕು, ಚಕ್ರವರ್ತಿಯನ್ನು ಕಂಡು ಮಾತನಾಡುವ ಅವಕಾಶ ದೊರೆತರೆ, ಹಕ್ಕಿಗಳಿಗಾಗಿ, ಅದರಲ್ಲೂ ಲಾರ್ಕ್ ಹಕ್ಕಿಗಳಿಗಾಗಿ, ದಾರಿಗಳಲ್ಲಿ ಕಾಳು ಚೆಲ್ಲಿಸುವ ಆಜ್ಞೆ ಹೊರಡಿಸುವಂತೆ ಬೇಡಿಕೊಳ್ಳುತ್ತೇನೆ ಎಂದು ಅವರು ಹೇಳುತ್ತಿದ್ದುದನ್ನೂ ಅದೇ ಥಾಮಸ್ ಮುಂದೆ ದಾಖಲಿಸಿದ್ದಾರೆ. ಮಣ್ಣಿನ ಬಣ್ಣದ ಆ ಪುಟ್ಟ ಹಕ್ಕಿ ಅವರಿಗೆ ಬಹಳ ಪ್ರಿಯವಾಗಿತ್ತು.

ಸಾಕುಪ್ರಾಣಿಗಳ ಆಶೀರ್ವಾದವನ್ನು ನಾನು ಈ ಬೆಳಕಿನಲ್ಲಿಯೇ ನೋಡುತ್ತೇನೆ. ಮುದಿಯಾಗಿ ಕಣ್ಣು ಮಂಜಾದ ನಾಯಿಯನ್ನು ತೋಳಲ್ಲಿ ಎತ್ತಿಕೊಂಡು ಸರದಿಯಲ್ಲಿ ನಿಂತವರು ಕೇಳುವುದು ಪವಾಡವನ್ನಲ್ಲ. ನಮ್ಮೊಡನೆ ಬಾಳಿದ ಈ ಜೀವವೂ ದೇವರ ಸೃಷ್ಟಿಯೇ, ಇದರ ಕ್ಷೇಮವೂ ಪ್ರಾರ್ಥನೆಗೆ ತಕ್ಕದ್ದೇ ಎಂಬ ಮಾತನ್ನು ಅವರು ದೇವರ ಸನ್ನಿಧಿಯಲ್ಲಿ ಕೇಳಬಯಸುತ್ತಾರೆ.

ಫ್ರಾನ್ಸಿಸರು ಕೊನೆಯುಸಿರೆಳೆದದ್ದು 1226ರ ಅಕ್ಟೋಬರ್ 3ರ ಸಂಜೆ. ಹಗಲಿನ ಬೆಳಕನ್ನೇ ಮೆಚ್ಚುವ ಲಾರ್ಕ್ ಹಕ್ಕಿಗಳು ಅಂದು ಕತ್ತಲು ಕವಿಯುತ್ತಿದ್ದರೂ ಗುಂಪಾಗಿ ಬಂದು, ಅವರು ಮಲಗಿದ್ದ ಮನೆಯ ಮಾಡಿನ ಮೇಲೆ ಬಹಳ ಹೊತ್ತು ಸುತ್ತುತ್ತಾ ಹಾಡಿದವು ಎಂದು ಅವರ ಸಂಗಡಿಗರು ಹೇಳಿಕೊಂಡು ಬಂದಿದ್ದಾರೆ.